ನಾಯಿಮರಿಯ ಊಟ: ಮರಿ ದೊಡ್ಡದಾಗುವವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಮರಿ ಬಂದ ಮೇಲೆ ಜನ ಫೋನಿನಲ್ಲಿ, ವಾಕಿಂಗ್ ದಾರಿಯಲ್ಲಿ, ಮೆಸೇಜಿನಲ್ಲಿ ಕೇಳುವ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಆರೋಗ್ಯವಾಗಿರುವ ಮರಿಗೆ ಮಾತ್ರ ಈ ಉತ್ತರಗಳು. ಕಾಯಿಲೆ ಮರಿಯ ಪಥ್ಯವನ್ನು ಡಾಕ್ಟರೇ ಹೇಳಬೇಕು.

## ಮೊದಲ ವಾರಗಳು

30 ದಿನದ ಮರಿ ಕೊಡ್ತೀವಿ ಅಂತಿದ್ದಾರೆ, ತರಬಹುದಾ?

ಬೇಡ. ಮೂರು-ನಾಲ್ಕು ವಾರಕ್ಕೆ ಹಾಲುಹಲ್ಲು ಮೂಡುತ್ತವೆ. ಆಗಷ್ಟೇ ಮರಿ ಮೆತ್ತಗಿನ ಊಟವನ್ನು ನೆಕ್ಕಿ ನೋಡಲು ಶುರು ಮಾಡುತ್ತದೆ. ಪೂರ್ತಿ ಹಾಲು ಬಿಡುವುದು ಏಳೆಂಟು ವಾರಕ್ಕೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ ಕೇಂದ್ರ ಸರ್ಕಾರದ 2017ರ ನಿಯಮವೂ ಇದೆ. "ಚಿಕ್ಕದಿದ್ದಾಗಲೇ ತಂದರೆ ಬೇಗ ಹೊಂದಿಕೊಳ್ಳುತ್ತೆ" ಅನ್ನುವುದು ಮಾರುವವರ ಮಾತು. ಒಂದು ತಿಂಗಳ ಊಟದ ಖರ್ಚು ಅವರಿಗೆ ಉಳಿಯುತ್ತದೆ, ಅಷ್ಟೇ.

ಹಸುವಿನ ಹಾಲು ಕುಡಿಸಬಹುದಾ? ನೀರು ಬೆರೆಸಿ ಕೊಡಬೇಕಾ?

ತಾಯಿನಾಯಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ 9, ಪ್ರೋಟೀನ್ ಶೇ 7-8 ಇರುತ್ತದೆ. ಹಸುವಿನ ಹಾಲಿನಲ್ಲಿ ಇವೆರಡೂ ಶೇ 3-4ರ ಆಸುಪಾಸು. ಜಾಸ್ತಿ ಇರುವುದು ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಮಾತ್ರ, ಭೇದಿ ಮಾಡಿಸುವುದೂ ಅದೇ. ಮೊದಲೇ ತೆಳುವಾದ ಹಾಲಿಗೆ ನೀರು ಬೆರೆಸಿದರೆ ಮರಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಎಂಟು ವಾರ ದಾಟಿದ ಮರಿಗೆ ಹಾಲಿನ ಅಗತ್ಯವೇ ಇಲ್ಲ. ರುಚಿಗೆ ಒಂದೆರಡು ಚಮಚ ಮೊಸರು ಅಥವಾ ಮಜ್ಜಿಗೆ ಬಹಳಷ್ಟು ಮರಿಗಳಿಗೆ ಒಗ್ಗುತ್ತದೆ.

ಕಣ್ಣು ಬಿಡದ ಮರಿ ರಸ್ತೆಯಲ್ಲಿ ಸಿಕ್ಕಿತು. ತಕ್ಷಣ ಏನು ಕುಡಿಸಲಿ?

ತಕ್ಷಣ ಏನೂ ಕುಡಿಸಬೇಡಿ, ಮೊದಲು ಬೆಚ್ಚಗೆ ಮಾಡಿ. ಮೈ ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೈ ಬಿಸಿಯಾದ ಮೇಲೆ, ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಿ. ಮರಿ ಹೊಟ್ಟೆ ಕೆಳಗೆ ಮಾಡಿ ಮಲಗಿರಬೇಕು. ಮನುಷ್ಯರ ಮಗುವಿನ ಹಾಗೆ ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಅದೇ ದಿನ ಡಾಕ್ಟರಿಗೆ ತೋರಿಸಿ.

ದಿನಕ್ಕೆ ಎಷ್ಟು ಸಲ ಹಾಕಬೇಕು?

ಮೂರು ತಿಂಗಳವರೆಗೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಜೀವನಪೂರ್ತಿ ಎರಡು ಸಲ. ನೀರು ಯಾವಾಗಲೂ ಇರಲಿ. ರಾತ್ರಿ ಉಚ್ಚೆ ಹೊಯ್ಯುತ್ತೆ ಅಂತ ಸಂಜೆಯಿಂದಲೇ ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ಹಾಗೆ ಮಾಡಬೇಡಿ.

ತಂದ ಎರಡನೇ ದಿನಕ್ಕೇ ಭೇದಿ ಶುರುವಾಯ್ತು. ಊಟ ಒಗ್ಗಲಿಲ್ವಾ?

ಬಹಳ ಸಲ ಕಾರಣ ಅದೇ. ಅಲ್ಲಿ ಒಂದು ಊಟ, ಇಲ್ಲಿ ಇನ್ನೊಂದು. ಮರಿ ಕೊಟ್ಟವರು ಏನು ಹಾಕುತ್ತಿದ್ದರೋ ಮೊದಲ ವಾರ ಅದನ್ನೇ ಮುಂದುವರಿಸಿ. ಆಮೇಲೆ ಹೊಸದನ್ನು ಕಾಲು ಭಾಗ, ಎರಡು-ಮೂರು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಏಳರಿಂದ ಹತ್ತು ದಿನದಲ್ಲಿ ಬದಲಾಯಿಸಿ. ಭೇದಿಯಲ್ಲಿ ರಕ್ತ ಇದ್ದರೆ, ವಾಂತಿಯೂ ಜೊತೆಗಿದ್ದರೆ, ಮರಿ ಮಂಕಾಗಿದ್ದರೆ ಊಟದ ಯೋಚನೆ ಬಿಟ್ಟು ಆಸ್ಪತ್ರೆಗೆ ಓಡಿ. ಅದು ಪಾರ್ವೊ ಅನ್ನುವ, ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ ಇರಬಹುದು. ಪಾರ್ವೊದಲ್ಲಿ "ನಾಳೆ ನೋಡೋಣ" ಅನ್ನುವಷ್ಟು ಸಮಯ ಇರುವುದಿಲ್ಲ.

ನಮ್ಮ ಪೊಮೇರಿಯನ್ ಮರಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ತೂರಾಡ್ತಿದೆ.

ಪುಟ್ಟ ಜಾತಿಯ ಮರಿಗಳ ಮೈಯಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆ. ಒಂದೆರಡು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ತೂರಾಟ, ನಡುಕ, ಫಿಟ್ಸ್ ಬರಬಹುದು. ಸ್ವಲ್ಪ ಜೇನುತುಪ್ಪ ಅಥವಾ ಗ್ಲೂಕೋಸ್ ನೀರನ್ನು ಬೆರಳಲ್ಲಿ ಒಸಡಿಗೆ ಸವರಿ ತಕ್ಷಣ ಡಾಕ್ಟರ ಹತ್ತಿರ ಹೋಗಿ. ಗಂಟಲಿಗೆ ಸುರಿಯಬೇಡಿ.

## ತಟ್ಟೆಯಲ್ಲಿ ಏನಿರಬೇಕು

ಊರಲ್ಲಿ ನಾಯಿಗಳು ಅನ್ನ-ಹಾಲು, ಅನ್ನ-ಮೊಸರು ತಿಂದೇ ಬೆಳೆದಿವೆ. ಈಗ ಮಾತ್ರ ಯಾಕೆ ಸಾಕಾಗಲ್ಲ?

ಊರಿನ ನಾಯಿ ಬರೀ ಅನ್ನ ತಿಂದು ಬೆಳೆಯಲಿಲ್ಲ. ಮನೆಯವರು ಹಾಕಿದ ಅನ್ನದ ಮೇಲೆ ಗದ್ದೆಯ ಇಲಿ, ಹೆಗ್ಗಣ, ಕೋಳಿ ಕೊಯ್ದಾಗ ಸಿಕ್ಕ ಕರುಳು, ಸತ್ತ ದನದ ಮೂಳೆ ಎಲ್ಲ ಅದರ ಹೊಟ್ಟೆಗೆ ಹೋಗುತ್ತಿತ್ತು. ಆರು ಮರಿಯಲ್ಲಿ ಉಳಿದ ಎರಡನ್ನು ಮಾತ್ರ ನಾವು ನೆನಪಿಟ್ಟುಕೊಂಡಿದ್ದೇವೆ, ಉಳಿಯದ ನಾಲ್ಕನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಪಾರ್ಟ್‌ಮೆಂಟಿನ ಮರಿಗೆ ಇಲಿ ಎಲ್ಲಿಂದ ಬರಬೇಕು? ನಾವು ಹಾಕಿದ್ದಷ್ಟೇ ಅದರ ಪಾಲು.

ಇನ್ನು ಲೆಕ್ಕಕ್ಕೆ ಬರೋಣ. ನಾಯಿ ಆಹಾರಕ್ಕೆ ಅಮೆರಿಕದ ಆಫ್ಕೊ ಸಂಸ್ಥೆ ಹಾಕಿಕೊಟ್ಟ ಅಳತೆಯನ್ನು ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಅದರ ಪ್ರಕಾರ, ನೀರಿನಂಶ ತೆಗೆದ ಮೇಲೆ ಬೆಳೆಯುವ ಮರಿಯ ಊಟದಲ್ಲಿ ಕನಿಷ್ಠ ಶೇ 22.5 ಪ್ರೋಟೀನ್ ಇರಬೇಕು, ದೊಡ್ಡ ನಾಯಿಗೆ ಶೇ 18. ಅಕ್ಕಿಯಲ್ಲಿರುವುದು ಶೇ 7-8. ಆದ್ದರಿಂದ ಅನ್ನ ಇರಲಿ, ಆದರೆ ಅದಕ್ಕಿಂತ ಕಡಿಮೆಯಿಲ್ಲದಷ್ಟು ಬೇಯಿಸಿದ ಕೋಳಿ, ಮೊಟ್ಟೆ ಅಥವಾ ಮುಳ್ಳು ತೆಗೆದ ಮೀನು ಇರಲಿ. ಸ್ವಲ್ಪ ಸಿಹಿಗುಂಬಳ, ಕ್ಯಾರೆಟ್, ಬೀನ್ಸ್ ಬೆಂದಿದ್ದು ಹಾಕಿ. ಉಪ್ಪು, ಖಾರ, ಒಗ್ಗರಣೆ ಬೇಡ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ದಿನಕ್ಕೆ 700 ಕ್ಯಾಲೊರಿ ತಿನ್ನುವ, ಅಂದರೆ ಮೂರು ತಿಂಗಳ 5 ಕಿಲೊ ಮರಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅನ್ನ ಮತ್ತು ಮೂಳೆಯಿಲ್ಲದ ಕೋಳಿಯಲ್ಲಿ ಅದರ ಹತ್ತನೇ ಒಂದು ಪಾಲೂ ಸಿಗುವುದಿಲ್ಲ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಡಿಮೆ. ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಕಾಲು ಬಾಗುತ್ತದೆ. ಪೂರ್ತಿ ಮನೆ ಅಡುಗೆಯಲ್ಲೇ ಬೆಳೆಸುವುದಾದರೆ ಡಾಕ್ಟರ ಹತ್ತಿರ ಪಟ್ಟಿ ಬರೆಸಿಕೊಂಡು ಕ್ಯಾಲ್ಸಿಯಂ, ವಿಟಮಿನ್ ಸೇರಿಸಿ. ಅಷ್ಟು ತಾಪತ್ರಯ ಬೇಡ ಅನ್ನುವವರು ಮೊದಲ ಒಂದು ವರ್ಷ ಒಳ್ಳೆಯ ಪಪ್ಪಿ ಫುಡ್ಡನ್ನೇ ಮುಖ್ಯ ಊಟ ಮಾಡಿ. ಮನೆ ಅಡುಗೆ ಪ್ರೀತಿಗೆ ಸ್ವಲ್ಪ ಇರಲಿ. ನನ್ನ ಒಲವು ಎರಡನೆಯದಕ್ಕೇ.

ನಾಯಿ ತೋಳದ ವಂಶ, ಅನ್ನ ಕೊಡಲೇಬಾರದು ಅಂತ ವಿಡಿಯೊದಲ್ಲಿ ಹೇಳಿದರು.

ಮನುಷ್ಯರ ಜೊತೆ ಬದುಕಿ ನಾಯಿಯ ಕರುಳೂ ಬದಲಾಗಿದೆ. ಗಂಜಿಯಂಶ ಕರಗಿಸುವ ಅಮೈಲೇಸ್ ಮಾಡುವ ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡೇ ಪ್ರತಿ. ನಾಯಿಗಳಲ್ಲಿ ಅದು ಹಲವು ಪಟ್ಟು ಇದೆ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಚೆನ್ನಾಗಿ ಬೆಂದ ಅನ್ನ ನಾಯಿಗೆ ಜೀರ್ಣವಾಗುತ್ತದೆ. ತಟ್ಟೆ ತುಂಬ ಅನ್ನವೇ ಆಗಬಾರದು, ಅಷ್ಟೇ.

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ? ಅಂಬಲಿ, ಮುದ್ದೆ ಕೊಟ್ಟರೆ ಸಾಕಲ್ಲ?

ಧಾನ್ಯಗಳಲ್ಲಿ ರಾಗಿಗೆ ಮೊದಲ ಸ್ಥಾನ, ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮರಿಗೆ ಬೇಕಾದ 2 ಗ್ರಾಂ ರಾಗಿಯಿಂದಲೇ ಬರಬೇಕಾದರೆ ದಿನಕ್ಕೆ ಅರ್ಧ ಕಿಲೊಗಿಂತ ಜಾಸ್ತಿ ಹಿಟ್ಟು ಬೇಕು! ಅದರಲ್ಲಿರುವ ಫೈಟೇಟ್ ಒಂದಿಷ್ಟು ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ ಬೇರೆ. ಅನ್ನದ ಬದಲು ರಾಗಿ ಅನ್ನುವುದಾದರೆ ಧಾರಾಳವಾಗಿ ಕೊಡಿ. ಮಾಂಸದ ಬದಲು, ಕ್ಯಾಲ್ಸಿಯಂ ಬದಲು ರಾಗಿ ಅಂದುಕೊಳ್ಳಬೇಡಿ. ಬಿಸಿ ಮುದ್ದೆಯನ್ನು ಆರಿಸಿ, ಚೂರು ಮಾಡಿ ಹಾಕಿ. ಇಡೀ ಉಂಡೆ ನುಂಗಲು ಹೋಗುವ ನಾಯಿಗಳಿವೆ.

ನಮ್ಮ ಮನೇಲಿ ಮೊಟ್ಟೇನೂ ತರಲ್ಲ. ಸಸ್ಯಾಹಾರದಲ್ಲೇ ಮರಿ ಬೆಳೆಸಬಹುದಾ?

ಬೆಳೆದ ನಾಯಿ ಸರಿಯಾಗಿ ಲೆಕ್ಕ ಹಾಕಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಆದರೆ ಬೆಳೆಯುವ ಮರಿಯನ್ನು ಬೇಳೆ, ಅನ್ನ, ಮೊಸರಿನ ಮೇಲಷ್ಟೇ ಬಿಡುವುದು ಅಪಾಯ. ಕೆಲವು ಅಮೈನೊ ಆಮ್ಲಗಳು, ಬಿ12, ಸತು ಎಲ್ಲ ಕಡಿಮೆ ಬೀಳುತ್ತವೆ. ಮರಿಗೆ ಸಾಕಾಗುವ ಸಂಪೂರ್ಣ ಆಹಾರ ಅಂತ ಚೀಲದ ಮೇಲೆ ಬರೆದಿರುವುದನ್ನು ನೋಡಿ ತನ್ನಿ, ಪನೀರು-ಮೊಸರು ಮೇಲಿಷ್ಟು ಇರಲಿ. ಒಣ ಡಾಗ್ ಫುಡ್ಡಿಗೆ ಅಡುಗೆಮನೆಯ ಪಾತ್ರೆ ಬೇಡವೇ ಬೇಡ. ಎಷ್ಟೋ ಮಡಿವಂತ ಮನೆಗಳಲ್ಲಿ ಚೀಲ ವರಾಂಡದಲ್ಲೇ ಇರುತ್ತದೆ.

ಕೋಳಿ ಅಂಗಡಿಯಲ್ಲಿ ಕಾಲು, ತಲೆ, ಕತ್ತು ಕಡಿಮೆಗೆ ಸಿಗುತ್ತೆ. ಬೇಯಿಸಿ ಹಾಕಲಾ?

ಬೇಯಿಸಿದ ಮೂಳೆಯೇ ಹೆಚ್ಚು ಅಪಾಯ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಕೆಲವರು ಕುಕ್ಕರಿನಲ್ಲಿ ಸೀಟಿ ಮೇಲೆ ಸೀಟಿ ಹೊಡೆಸಿ ಮೂಳೆಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗೆ ಮಾಡುತ್ತಾರೆ. ಆಗಲೂ ಒಂದೊಂದು ತುಂಡನ್ನೂ ಹಿಸುಕಿ ನೋಡುವ ತಾಳ್ಮೆ ಬೇಕು. ಮಾಂಸ ಬಿಡಿಸಿ, ಬೇಯಿಸಿದ ನೀರನ್ನು ಊಟಕ್ಕೆ ಸುರಿದು, ಮೂಳೆ ಎಸೆಯುವುದು ಸುಲಭ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲ ಅನ್ನುವ ಬ್ಯಾಕ್ಟೀರಿಯಾದ ಭಯ ಇದೆ, ನಾಯಿಗೂ, ಅದು ಮುಖ ನೆಕ್ಕುವ ಮಕ್ಕಳಿಗೂ. ಲಿವರ್ ವಾರಕ್ಕೆ ಒಂದೆರಡು ಸಲ ಸಣ್ಣ ತುಂಡು ಸಾಕು. ದಿನಾ ಹಾಕಿದರೆ ವಿಟಮಿನ್ ಎ ಅತಿಯಾಗುತ್ತದೆ.

ಏನೇನು ಕೊಡಲೇಬಾರದು?

ಈರುಳ್ಳಿ ಮತ್ತು ಬೆಳ್ಳುಳ್ಳಿ, ಹಸಿಯಾಗಿರಲಿ, ಬೆಂದಿರಲಿ. ಇವು ಕೆಂಪು ರಕ್ತಕಣ ಒಡೆಯುತ್ತವೆ, ಹಾಗಾಗಿ ಮಿಕ್ಕ ಸಾರು, ಪಲ್ಯ, ಬಿರಿಯಾನಿ ಅನ್ನ ಲೆಕ್ಕದಿಂದ ಹೊರಗೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಹಬ್ಬದ ದಿನ ಪಾಯಸದ ಪಾತ್ರೆ ನಾಯಿಗೆ ನೆಕ್ಕಲು ಇಡುವ ಮನೆಯವರು ಇದನ್ನು ಗಮನಿಸಿ. ಚಾಕೊಲೇಟ್, ಕಾಫಿ-ಟೀ, ಮದ್ಯ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ, ಕೆಲವು ಕಡಲೆಕಾಯಿ ಬೆಣ್ಣೆಯಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಬಹಳ ಅಪಾಯ. ಮಾವಿನಹಣ್ಣಿನ ತಿರುಳು ಪರವಾಗಿಲ್ಲ. ಗೊರಟೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ನೇ ಗತಿ. ಏಪ್ರಿಲ್-ಮೇ ತಿಂಗಳಲ್ಲಿ ಕಸದ ಬುಟ್ಟಿಗೆ ಮುಚ್ಚಳ ಭದ್ರವಾಗಿರಲಿ.

ಮಳೆಗಾಲದಲ್ಲಿ ಡಾಗ್ ಫುಡ್ಡಿನ ದೊಡ್ಡ ಚೀಲ ತಂದರೆ ಮುಗ್ಗಲು ವಾಸನೆ ಬರುತ್ತೆ. ಹಾಕಬಹುದಾ?

ಬೇಡ. ಬೂಸ್ಟು ಹಿಡಿದ ಧಾನ್ಯದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ಲಿವರಿಗೆ ಪೆಟ್ಟು. ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದು ತಿಂಗಳಲ್ಲಿ ಮುಗಿಯುವಷ್ಟು ಚೀಲ ತನ್ನಿ. ಚೀಲದ ಬಾಯಿ ಬಿಗಿದು, ಚೀಲದ ಸಮೇತ ಮುಚ್ಚಳದ ಡಬ್ಬದಲ್ಲಿಡಿ.

## ಎಷ್ಟು ಹಾಕಬೇಕು

ಒಂದು ಹೊತ್ತಿಗೆ ಎಷ್ಟು? ಮರಿ ಬೆಳೆದ ಹಾಗೆ ಜಾಸ್ತಿ ಮಾಡ್ತಾ ಹೋಗಬೇಕಲ್ವಾ?

ಎಲ್ಲರೂ ಎಡವುವ ಜಾಗ ಇದು. ಡಾಕ್ಟರುಗಳು ಬಳಸುವ ಲೆಕ್ಕವನ್ನೇ ಹಾಕಿ ನೋಡೋಣ. ಸುಮ್ನೆ ಮಲಗಿರಲು ಎಷ್ಟು ಶಕ್ತಿ ಬೇಕೋ ಅದರ ಮೂರು ಪಟ್ಟು ನಾಲ್ಕು ತಿಂಗಳೊಳಗಿನ ಮರಿಗೆ, ಆಮೇಲೆ ಎರಡು ಪಟ್ಟು, ಮರಿ ಆಗದಂತೆ ಆಪರೇಷನ್ ಆದ ದೊಡ್ಡ ನಾಯಿಗೆ 1.6 ಪಟ್ಟು.

ನಮ್ಮ ಬೀದಿ ತಳಿಯ ಒಂದು ಮರಿ ತೆಗೆದುಕೊಳ್ಳಿ. ದೊಡ್ಡದಾದಾಗ 15 ಕಿಲೊ ಆಗುವಂಥದ್ದು. ಮೂರು ತಿಂಗಳಲ್ಲಿ 5 ಕಿಲೊ ಇದ್ದಾಗ ಅದಕ್ಕೆ ದಿನಕ್ಕೆ ಸುಮಾರು 700 ಕ್ಯಾಲೊರಿ ಬೇಕು. 10 ಕಿಲೊ ಆದಾಗ 790ರ ಹತ್ತಿರ. ಬೆಳೆದು ಆಪರೇಷನ್ನೂ ಆಗಿ 15 ಕಿಲೊ ಇದ್ದಾಗ 850. ನೋಡಿ, ತೂಕ ಮೂರು ಪಟ್ಟಾಯಿತು, ಊಟ ಶೇ 20ರಷ್ಟು ಮಾತ್ರ ಜಾಸ್ತಿಯಾಯಿತು. ಮೂರು ತಿಂಗಳ ಮರಿ ದೊಡ್ಡ ನಾಯಿಯ ಊಟವನ್ನು ಹೆಚ್ಚುಕಡಿಮೆ ಆಗಲೇ ತಿನ್ನುತ್ತಿರುತ್ತದೆ. ನಾವು ಮೈ ನೋಡಿಕೊಂಡು ತಿಂಗಳು ತಿಂಗಳು ಒಂದೊಂದು ಸೌಟು ಏರಿಸುತ್ತಾ ಹೋದರೆ ಎಂಟನೇ ತಿಂಗಳಿಗೆ ನಾಯಿ ಡ್ರಮ್ಮಾಗುತ್ತದೆ.

ಒಣ ಫುಡ್ಡಿನಲ್ಲಿ 100 ಗ್ರಾಮಿಗೆ ಸಾಮಾನ್ಯವಾಗಿ 350ರಿಂದ 400 ಕ್ಯಾಲೊರಿ. ಚೀಲದ ಮೇಲೆ ಬರೆದಿರುತ್ತದೆ. 700 ಕ್ಯಾಲೊರಿ ಅಂದರೆ ದಿನಕ್ಕೆ 180-200 ಗ್ರಾಂ. ಲೋಟದ ಅಳತೆ ನಂಬಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸಲ ತೂಗಿ ಲೋಟಕ್ಕೆ ಗೆರೆ ಎಳೆಯಿರಿ. ಈ ಅಂಕಿ ಶುರು ಮಾಡಲು ಮಾತ್ರ. ಎರಡು ವಾರಕ್ಕೊಮ್ಮೆ ಮರಿಯ ಮೈ ಮುಟ್ಟಿ ನೋಡಿ ಏರಿಸಬೇಕು, ಇಳಿಸಬೇಕು.

ಪಕ್ಕೆಲುಬು ಕಾಣುತ್ತೆ, ಬಂದ ನೆಂಟರೆಲ್ಲ "ನಾಯಿಗೆ ಊಟ ಹಾಕಲ್ವಾ" ಅಂತಾರೆ.

ನೆಂಟರನ್ನು ಬಿಡಿ, ನಿಮ್ಮ ಕೈ ಏನು ಹೇಳುತ್ತೆ? ಎಡಗೈ ಅಂಗೈಯನ್ನು ಕೆಳಮುಖ ಮಾಡಿ ಚಾಚಿ, ಬಲಗೈ ಬೆರಳಲ್ಲಿ ಹಿಂಗೈ ಸವರಿ. ಗೆಣ್ಣಿನ ಮೇಲಿನ ಆ ಮೂಳೆಗಳು ಹೇಗೆ ಸಿಗುತ್ತವೋ ಹಾಗೆ ಪಕ್ಕೆಲುಬು ಸಿಕ್ಕರೆ ಮೈ ಸರಿಯಾಗಿದೆ. ಮುಷ್ಟಿ ಕಟ್ಟಿದಾಗ ಗೆಣ್ಣು ಸಿಗುವ ಹಾಗಿದ್ದರೆ ಸೊರಗಿದೆ. ಅಂಗೈ ಕಡೆ ಸವರಿದಂತೆ ಮೂಳೆ ಹುಡುಕಬೇಕಾದರೆ ದಪ್ಪ. ಮೇಲಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲಕ್ಕೆ ಏರಿರಬೇಕು.

ಮುಧೋಳ ನಾಯಿ ಸಾಕಿದವರಿಗೆ ಈ ಮಾತು ತಪ್ಪಿದ್ದಲ್ಲ. ಓಟದ ನಾಯಿ ಅದು, ಹಿಂದಿನ ಎರಡು-ಮೂರು ಪಕ್ಕೆಲುಬು ಕಾಣುವುದೇ ಅದರ ಲಕ್ಷಣ. ಲ್ಯಾಬ್ರಡಾರ್ (ಲ್ಯಾಬ್) ಹಾಗೆ ತುಂಬಿಸಲು ಹೋಗಬೇಡಿ.

ತೆಳ್ಳಗಿದ್ದರೆ ನಷ್ಟವಿಲ್ಲ ಅನ್ನುವುದಕ್ಕೆ ಆಧಾರವೂ ಇದೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಜೋಡಿ ಮಾಡಿ ನೋಡಿಕೊಂಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ. ಕಡಿಮೆ ತಿಂದವು ಸರಾಸರಿ ಎರಡು ವರ್ಷದ ಹತ್ತಿರ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು.

ನಮ್ಮ ಲ್ಯಾಬ್ ತಟ್ಟೆ ಖಾಲಿ ಮಾಡಿ ಮತ್ತೆ ದೀನವಾಗಿ ನೋಡುತ್ತೆ. ಹೊಟ್ಟೆ ತುಂಬಿಲ್ವಾ?

ತುಂಬಿದೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಒಎಂಸಿ ಅನ್ನುವ ಜೀನ್ ಒಡೆದಿರುತ್ತದೆ, ಹೊಟ್ಟೆ ತುಂಬಿದ್ದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಇಂಥ ನಾಯಿಯ ಕಣ್ಣು ನೋಡಿ ಊಟ ಹಾಕಿದರೆ ಕೆಟ್ಟಿರಿ. ಬಿಸ್ಕತ್ತು, ಚಪಾತಿ ಚೂರು, ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು. ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ 25 ಕ್ಯಾಲೊರಿ ಹಿಡಿಯಿರಿ. ಬೆಳೆದು ಆಪರೇಷನ್ ಆದ 10 ಕಿಲೊ ನಾಯಿಗೆ ಎರಡು ಬಿಸ್ಕತ್ತಿಗೆ ಆ ದಿನದ ಪಾಲು ಮುಗಿಯಿತು. ಬೆಳಗಿನ ಕಾಫಿ ಜೊತೆ ಅಜ್ಜ ಎರಡು, ಸಂಜೆ ಮಕ್ಕಳು ನಾಲ್ಕು ಹಾಕುವ ಮನೆಯಲ್ಲಿ ಲೆಕ್ಕ ನೀವೇ ಹಾಕಿ. ಬದಲಿಗೆ ಕ್ಯಾರೆಟ್, ಸೌತೆಕಾಯಿ ಕೊಡಿ.

ಮೈ ಸಣ್ಣಗಿದೆ, ಹೊಟ್ಟೆ ಮಾತ್ರ ಡುಬ್ಬ. ಏನಿದು?

ಹೆಚ್ಚಾಗಿ ಜಂತುಹುಳು. ತಾಯಿಯಿಂದಲೇ ಬಂದಿರುತ್ತದೆ. ಮರಿಗೆ ಎರಡು ವಾರ ತುಂಬಿದಾಗಿನಿಂದ ಶುರು ಮಾಡಿ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧಿ ಹಾಕಿಸುವುದು ರೂಢಿ. ತೂಕ ನೋಡಿ ಡಾಕ್ಟರು ಹೇಳಿದಷ್ಟೇ.

## ದೊಡ್ಡದಾಗುವಾಗ

ಜರ್ಮನ್ ಶೆಫರ್ಡ್ ಮರಿ, ಕಿವಿ ನಿಂತಿಲ್ಲ. ಕ್ಯಾಲ್ಸಿಯಂ ಸಿರಪ್ ಹಾಕ್ತಿದ್ದೀವಿ.

ನಿಲ್ಲಿಸಿ. ಕಿವಿಯಲ್ಲಿರುವುದು ಮೂಳೆಯಲ್ಲ, ಮೃದ್ವಸ್ಥಿ. ನಾಲ್ಕರಿಂದ ಆರು ತಿಂಗಳಲ್ಲಿ ಹಲ್ಲು ಬದಲಾಗುವಾಗ ನಿಂತ ಕಿವಿಯೂ ಬೀಳುತ್ತದೆ, ಮತ್ತೆ ಏಳುತ್ತದೆ. ಅಪಾಯ ಇರುವುದು ಸಿರಪ್ಪಿನಲ್ಲೇ. ಸುಮಾರು ಆರು ತಿಂಗಳವರೆಗೆ ಮರಿಯ ಕರುಳಿಗೆ ಜಾಸ್ತಿಯಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ಹಾಕಿದ್ದೆಲ್ಲ ಒಳಗೆ ಹೋಗಿ ಮೂಳೆ, ಕೀಲು ವಕ್ರವಾಗುತ್ತವೆ. ಶೆಫರ್ಡ್, ರಾಟ್‌ವೈಲರ್, ಗ್ರೇಟ್ ಡೇನ್‌ಗಳಲ್ಲಿ ಈ ತೊಂದರೆ ಜಾಸ್ತಿ. ಇವಕ್ಕೆ ದೊಡ್ಡ ಜಾತಿಯ ಮರಿಗಳ ಫುಡ್ ಬೇರೆಯೇ ಸಿಗುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಶೇ 1.8 ಮೀರಬಾರದು ಅಂತ ಮಿತಿ ಇದೆ. ಸರಿಯಾದ ಪಪ್ಪಿ ಫುಡ್ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಬೇಡ. ಕೊರತೆ ಬರುವುದು ಬರೀ ಮನೆ ಅಡುಗೆ ತಿನ್ನುವ ಮರಿಗೆ.

ಪಪ್ಪಿ ಫುಡ್ ಬಿಟ್ಟು ದೊಡ್ಡ ನಾಯಿ ಫುಡ್ ಯಾವಾಗ ಶುರು ಮಾಡಲಿ?

ಬೆಳವಣಿಗೆ ನಿಂತಾಗ. ಪುಟ್ಟ ಜಾತಿಗೆ 9ರಿಂದ 12 ತಿಂಗಳು, ಬೀದಿ ತಳಿಯಂಥ ಮಧ್ಯಮ ಗಾತ್ರಕ್ಕೆ ಸುಮಾರು 12, ಲ್ಯಾಬ್, ಶೆಫರ್ಡಿಗೆ 15ರಿಂದ 18, ಗ್ರೇಟ್ ಡೇನ್‌ನಂಥ ಭಾರಿ ನಾಯಿಗೆ 18ರಿಂದ 24 ತಿಂಗಳು.

ಆಪರೇಷನ್ ಮಾಡಿಸಿದ ಮೇಲೆ ದಪ್ಪ ಆಗ್ತಿದೆ.

ಆಪರೇಷನ್ ಆದ ಮೇಲೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ. ಗಾಯ ಮಾಗಿದ ಮೇಲೆ ಊಟವನ್ನು ಐದನೇ ಒಂದು ಭಾಗ ಇಳಿಸಿ ನೋಡಿ, ಆಮೇಲೆ ಪಕ್ಕೆಲುಬು ಮುಟ್ಟಿ ನೋಡಿ ಹೊಂದಿಸಿ. ಇನ್ನೂ ಬೆಳೆಯುತ್ತಿರುವ ಮರಿಯಾದರೆ ಪಪ್ಪಿ ಫುಡ್ಡೇ ಇರಲಿ, ಅಳತೆ ಮಾತ್ರ ಇಳಿಯಲಿ.

ಊಟ ಆದ ತಕ್ಷಣ ಓಡಿಸಿದರೆ ಹೊಟ್ಟೆ ತಿರುಚಿಕೊಳ್ಳುತ್ತೆ ಅನ್ನೋದು ನಿಜಾನಾ?

ಎದೆ ಆಳವಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ಒಂದೇ ಸಲ ದೊಡ್ಡ ಊಟ ಹಾಕುವುದು, ಗಬಗಬ ನುಂಗುವುದು ಅಪಾಯ ಹೆಚ್ಚಿಸುತ್ತವೆ. ಎರಡು ಹೊತ್ತಿಗೆ ಹಂಚಿ, ಊಟದ ಮೇಲೆ ಒಂದು ಗಂಟೆ ಸುಮ್ಮನಿರಿಸಿ. ಹೊಟ್ಟೆ ಉಬ್ಬಿ, ವಾಂತಿಗೆ ಓಕರಿಸಿದರೂ ಏನೂ ಬರದೆ ಚಡಪಡಿಸುತ್ತಿದ್ದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಿ.

ಗ್ರೇನ್ ಫ್ರೀ ಫುಡ್ ಒಳ್ಳೇದಂತೆ, ದುಬಾರಿ ಬೇರೆ.

ದುಬಾರಿ ಅನ್ನುವುದು ನಿಜ. ಧಾನ್ಯದ ಬದಲು ಬಟಾಣಿ, ಮಸೂರ್ ಜಾಸ್ತಿ ಹಾಕಿದ ಇಂಥ ಫುಡ್ಡಿಗೂ ಹೃದಯದ ಕಾಯಿಲೆಗೂ ನಂಟು ಇರಬಹುದಾ ಅಂತ ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತು. ಕಾರಣ ಖಚಿತವಾಗಿಲ್ಲ. ಧಾನ್ಯದ ಅಲರ್ಜಿ ಇದೆ ಅಂತ ಡಾಕ್ಟರು ಹೇಳದೆ ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ಒಂಬತ್ತು ತಿಂಗಳಾಯ್ತು, ಇದ್ದಕ್ಕಿದ್ದಂತೆ ಊಟ ಮೂಸಿ ಹೋಗುತ್ತೆ. ಚಿಕನ್ ಹಾಕಿದರೆ ಮಾತ್ರ ತಿನ್ನುತ್ತೆ.

ಬೆಳವಣಿಗೆಯ ವೇಗ ಇಳಿದಿದೆ, ಹಸಿವೂ ಇಳಿದಿದೆ. ನಾವು ಗಾಬರಿಯಾಗಿ ಚಿಕನ್ ಹಾಕುತ್ತೇವೆ, ಕಾಯ್ದರೆ ಒಳ್ಳೆಯದು ಬರುತ್ತೆ ಅಂತ ಅದು ಕಲಿಯುತ್ತದೆ. ತಟ್ಟೆ 15-20 ನಿಮಿಷ ಇಟ್ಟು ಎತ್ತಿಬಿಡಿ, ಮುಂದಿನ ಹೊತ್ತಿನವರೆಗೆ ಬೇರೇನೂ ಬೇಡ. ಆರೋಗ್ಯದ ನಾಯಿ ಒಂದೆರಡು ದಿನದಲ್ಲಿ ದಾರಿಗೆ ಬರುತ್ತದೆ. ಆದರೆ ಚಿಕನ್ನನ್ನೂ ಮುಟ್ಟದೆ, ಮೈ ಬಿಸಿಯಾಗಿ, ಒಸಡು ಬಿಳುಚಿದ್ದರೆ ಅದು ಹಟವಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ, ಅದೇ ದಿನ ಟಿಕ್ ಫೀವರ್‌ಗೆ ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿ ಕಣ್ಣಿಗೆ ಬೀಳಲಿಲ್ಲ ಅಂತ ಪರೀಕ್ಷೆ ಬಿಡಬೇಡಿ.